ಓನರ್ ಮೆಸೇಜ್ ನೋಡ್ತಾರೆ, ರಿಪ್ಲೈ ಮಾತ್ರ ಮಾಡಲ್ಲ. ಏನ್ ಬರೀಬೇಕು?

ಪ್ರಶ್ನೆ: ಹೊಸದಾಗಿ ರಿಯಲ್ ಎಸ್ಟೇಟ್ ಏಜೆಂಟ್ ಆಗಿದೀನಿ. ಮನೆ ಓನರ್‌ಗಳಿಗೆ ಮೆಸೇಜ್ ಹಾಕ್ತಾನೇ ಇದೀನಿ, ನೀಲಿ ಟಿಕ್ ಬೀಳುತ್ತೆ, ಉತ್ತರ ಇಲ್ಲ. ಹೇಗೆ ಬರೆದ್ರೆ ಮಾತಾಡ್ತಾರೆ?

ನಿಮ್ಮ ಮೆಸೇಜಿನ ಮೊದಲ ಸಾಲು ನೀವೇ ಒಂದ್ಸಲ ಓದಿ. "ನಮಸ್ಕಾರ, ನಾವು ಸೇಲ್, ರೆಂಟ್, ಲೀಸ್ ಎಲ್ಲಾ ಮಾಡಿಸ್ಕೊಡ್ತೀವಿ" ಅಂತ ಇರುತ್ತೆ ಅಲ್ವಾ? ಲಾಕ್ ಸ್ಕ್ರೀನ್ ಮೇಲೆ ಕಾಣೋದೇ ಒಂದೆರಡು ಸಾಲು, ಅದೂ ನಿಮ್ಮ ಪರಿಚಯಕ್ಕೇ ಹೋಯ್ತು ಅಂದ್ರೆ ಮುಂದಿಂದು ಯಾರೂ ಓದಲ್ಲ. ಎಸ್ಸೆಮ್ಮೆಸ್ ಆದ್ರೆ ಜಾಗ ಇನ್ನೂ ಕಮ್ಮಿ, ಇಂಗ್ಲಿಷ್ 160 ಅಕ್ಷರ ಹಿಡಿಯೋ ಕಡೆ ಕನ್ನಡ ಸಾಮಾನ್ಯವಾಗಿ 70 ಹಿಡಿಯುತ್ತೆ, ಅದ್ರಲ್ಲೂ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ.

ಅದಕ್ಕೇ ಅವ್ರ ಮನೆಯಿಂದ ಶುರು ಮಾಡಿ. "ನಿಮ್ಮ ರಸ್ತೆಯಲ್ಲಿ ಹೋದ ತಿಂಗಳು ಒಂದು ಮನೆ ಸೇಲ್ ಆಯ್ತು, ನಿಮ್ದೂ ಹೆಚ್ಚುಕಮ್ಮಿ ಅದೇ ಅಳತೆ. ಎಷ್ಟಕ್ಕೆ ಹೋಯ್ತು ಅಂತ ಕಳಿಸ್ಲಾ?" ಇದಕ್ಕೆ "ಕಳಿಸಿ" ಅಂದ್ರೆ ಸಾಕು, ಮಾರೋ ಯೋಚನೆ ಇಲ್ದೋರಿಗೂ ತಮ್ಮ ಮನೆ ಬೆಲೆ ಎಷ್ಟಿರಬಹುದು ಅನ್ನೋ ಕುತೂಹಲ ಇದ್ದೇ ಇರುತ್ತೆ. "ಮನೆ ಮಾರ್ತೀರಾ?" ಅಂತ ನೇರ ಕೇಳಿದ್ರೆ "ಇಲ್ಲ", ಅಲ್ಲಿಗೆ ಮುಗೀತು. ಆದ್ರೆ ರೇಟ್ ಹೇಳೋವಾಗ ಪಬ್ಲಿಕ್ ರೆಕಾರ್ಡಲ್ಲಿ ಇರೋದನ್ನಷ್ಟೇ ಹೇಳಿ, ಪಕ್ಕದ ಮನೆಯವ್ರು ನಿಮ್ಮನ್ನ ನಂಬಿ ಹೇಳಿದ್ದನ್ನಲ್ಲ.

"ಪಾರ್ಟಿ ರೆಡಿ ಇದೆ, ಫುಲ್ ಕ್ಯಾಶ್" ಅನ್ನೋ ಮೆಸೇಜ್ ದಯವಿಟ್ಟು ಬೇಡ. ಓನರ್ "ಸರಿ, ನಾಳೆ ಕರ್ಕೊಂಬನ್ನಿ" ಅಂದ್ಬಿಟ್ರೆ ಯಾರನ್ನ ಕರ್ಕೊಂಡೋಗ್ತೀರಾ? ನಿಜವಾಗ್ಲೂ ಪಾರ್ಟಿ ಇದ್ರೆ ವಿವರ ಕೊಡಿ: ವಯಸ್ಸಾದ ತಂದೆತಾಯಿ ಇರೋದ್ರಿಂದ ಗ್ರೌಂಡ್ ಫ್ಲೋರೇ ಬೇಕು ಅಂತಿದಾರೆ, ಲೋನ್ ಸ್ಯಾಂಕ್ಷನ್ ಆಗಿದೆ, ಹೀಗೆ. ಹೆಸರು ಬೇಡ. ವಿವರ ಇದ್ರೇನೇ ನಂಬಿಕೆ.

ನಂಬರ್ ಎಲ್ಲಿ ಸಿಕ್ತು ಅಂತ ಕೇಳೋ ಮುಂಚೆ ನೀವೇ ಹೇಳಿ. ಬೇಡದ ಕರೆ, ಮೆಸೇಜ್ ಬರಬಾರ್ದು ಅಂತ ನೋಂದಣಿ ಮಾಡಿಸಿರೋ ನಂಬರ್‌ಗಳಿಗೆ ಕಳಿಸೋದು ಎಷ್ಟೋ ಕಡೆ ಕಾನೂನು ಪ್ರಕಾರ ತಪ್ಪು, ಮೊದಲು ಅದನ್ನ ಚೆಕ್ ಮಾಡಿ. ಮನೆಯಲ್ಲಿ ಸಾವಾಗಿದೆ ಅಂತ ಗೊತ್ತಾದ್ರೆ, ಆಸ್ತಿ ಭಾಗ ಆಗುತ್ತೆ ಮಾರ್ತಾರೆ ಅಂತ ಕಾಯ್ಕೊಂಡು ಮೆಸೇಜ್ ಹಾಕೋರು ಇದಾರೆ, ನನಗಂತೂ ಅದು ಅಸಹ್ಯ.

ಉತ್ತರ ಬರ್ಲಿಲ್ವಾ? ಒಂದು ವಾರ, ಹತ್ತು ದಿನ ಬಿಟ್ಟು ಇನ್ನೊಂದ್ಸಲ ಬರೀಬಹುದು, ಆದ್ರೆ "ನೋಡಿದ್ರಾ ಸರ್?" ಅಂತಲ್ಲ, ಹೊಸ ವಿಷಯ ಏನಾದ್ರೂ ಇದ್ರೆ ಮಾತ್ರ. ಬೇಡ ಅಂದ್ರೆ ಲಿಸ್ಟಿಂದ ತೆಗೀರಿ. "ಕಳಿಸಿ" ಅಂದ್ರೆ ತಕ್ಷಣ ಫೋನ್ ಮಾಡ್ಬೇಡಿ, ಅವ್ರು ಕೇಳಿದ ರೇಟ್ ಮೊದ್ಲು ಕಳಿಸಿ.