ಆಕೆಗೆ ಏನು ಬೇಕು?

ಕತೆ, ಕಾದಂಬರಿಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. "ನಮ್ಮದಲ್ಲದ ಬದುಕಿನ ಬಗ್ಗೆ ಬರೀಬಹುದಾ ಮೇಡಂ?" ಎಂದು ಹೊಸಬರು ಕೇಳುತ್ತಲೇ ಇರುತ್ತಾರೆ. ಬೇಡ ಅನ್ನೋಕೆ ನಾನ್ಯಾರು? ತಂತಮ್ಮ ಜಾತಿ, ತಂತಮ್ಮ ಬೀದಿಯವರನ್ನೇ ಬರೆದರೆ ಕಾದಂಬರಿ ತುಂಬ ಬರೀ ನೆಂಟರು. ನಾನು ಮೊದಲು ಹುಡುಕುವುದು ಬೇರೆ: ಈ ಪಾತ್ರಕ್ಕೆ ಏನು ಬೇಕು?

ಹೋದ ವರ್ಷ ಬೆಂಗಳೂರಿನ ಐಟಿ ಹುಡುಗನೊಬ್ಬ ಪೌರಕಾರ್ಮಿಕ ಹೆಂಗಸಿನ ಕತೆ ತಂದ. ಆಕೆ ಗುಡಿಸುತ್ತಾಳೆ, ಬೈಸಿಕೊಳ್ಳುತ್ತಾಳೆ, ಅಳುತ್ತಾಳೆ. ನಲವತ್ತು ಪುಟದಲ್ಲಿ ಒಂದು ಸಲವೂ ನಗುವುದಿಲ್ಲ. ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಮಾತಂತೂ ಪಠ್ಯಪುಸ್ತಕದ್ದು. ಅಂಚಿನಲ್ಲಿ ಬರೆದೆ: "ಮಸ್ಟರಿಂಗ್ (ಬೆಳಗಿನ ಹಾಜರಿ) ಎಲ್ಲಿ? ಮೇಸ್ತ್ರಿ ಎಲ್ಲಿ? ಮನೆಯಲ್ಲಿ ತೆಲುಗು ಆಡ್ತಾಳಾ?" ಬೆಂಗಳೂರಿನ ಪೌರಕಾರ್ಮಿಕರಲ್ಲಿ ತೆಲುಗು ಮನೆಮಾತಿನವರು ಬಹಳ. ಅವನಿಗೆ ಅದು ಗೊತ್ತೇ ಇರಲಿಲ್ಲ. ದಿನಾ ಅವನ ಗೇಟಿನ ಮುಂದೆಯೇ ಗುಡಿಸುತ್ತಾರೆ ನೋಡಿ!

ಕೋಟದ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದರು. ಅದರ ನಾಯಕ ಚೋಮ ಜೀತದ ದಲಿತ, ಅವನಿಗೆ ಕಷ್ಟ ಬೇಕಾದಷ್ಟಿದೆ. ಆದರೆ ಓದಿ ವರ್ಷಗಳಾದರೂ ನನಗೆ ನೆನಪಾಗುವುದು ಅವನ ಹಟ. ಎತ್ತು ಇವೆ, ಉಳೋಕೆ ತುಂಡು ನೆಲ ಬೇಕು. ಸಿಟ್ಟು, ದುಃಖ ಎಲ್ಲವೂ ದುಡಿ ಎಂಬ ಚರ್ಮವಾದ್ಯದ ಮೇಲೆ. ಹಾಗಂತ ಎಲ್ಲವೂ ದಕ್ಕಿದೆ ಎನ್ನಲಾರೆ. ತುಳು ಸೀಮೆಯ ಚೋಮ ನಮಗೆ ಕನ್ನಡದಲ್ಲಿ ಕೇಳಿಸುತ್ತಾನೆ. ಆ ದಾರಿಯಲ್ಲಿ ಒಂದಿಷ್ಟು ಸೋರಿರಬೇಕು ಅಲ್ವಾ?

ಎಂಬತ್ತರ ದಶಕದಲ್ಲಿ ದಲಿತ ಲೇಖಕ ದೇವನೂರ ಮಹಾದೇವರ ಕಾದಂಬರಿ 'ಕುಸುಮಬಾಲೆ' ಬಂತು, ನಂಜನಗೂಡು ಕಡೆಯ ಆಡುಮಾತಿನಲ್ಲಿ. ಅಲ್ಲಿ ಜೋತಮ್ಮಗಳು, ಅಂದರೆ ಮನೆಮನೆಯ ದೀಪದ ಜೀವಗಳು, ರಾತ್ರಿ ಸೇರಿ ಮಾತಾಡುತ್ತವೆ. ಕೇರಿಯ ಬಗ್ಗೆ ಹೊರಗಿನಿಂದ ಬರೆಯುವವನಿಗೆ ನೋವು ಹೊಳೆಯುತ್ತೆ, ಈ ಹರಟೆ ಹೊಳೆಯುವುದು ಕಷ್ಟ. ನಾನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಲಿತ ಲೇಖಕರೊಬ್ಬರ ಸಂಭಾಷಣೆಯನ್ನೆಲ್ಲ 'ಶುದ್ಧ' ಮಾಡಿ ಕಳಿಸಿದ್ದೆ. ಅವರು ಹಸ್ತಪ್ರತಿಯನ್ನೇ ವಾಪಸ್ ತಗೊಂಡರು.

ಹುಡುಗ ಎರಡು ತಿಂಗಳು ಬೆಳಗ್ಗೆ ಬೇಗ ಎದ್ದು ಮಸ್ಟರಿಂಗ್ ಜಾಗಕ್ಕೆ ಹೋದ. ಮೊದಮೊದಲು ಯಾರೂ ಮಾತಾಡಿಸಲಿಲ್ಲವಂತೆ. ಸುಮ್ನೆ ಟೀ ಅಂಗಡಿ ಹತ್ತಿರ ನಿಂತು ಬಂದ. ಹೊಸ ಕತೆಯಲ್ಲಿ ಆಕೆಗೆ ಚೀಟಿ ದುಡ್ಡಿನ ಜಗಳ. ಚೀಟಿ ಎತ್ತಿಕೊಂಡ ನಾದಿನಿ ಕಂತು ಕಟ್ಟುತ್ತಿಲ್ಲ, ಐದು ಸಾವಿರಕ್ಕೆ ಇಬ್ಬರೂ ಮಾತು ಬಿಟ್ಟಿದ್ದಾರೆ. ಅಲ್ಲಿ ಪರಿಚಯವಾದ ಅಕ್ಕನೊಬ್ಬರಿಗೆ ಓದಿ ಹೇಳು ಎಂದೆ ಅವನಿಗೆ. ಪೂರ್ತಿ ಕೇಳಿಸಿಕೊಂಡು ಆಯಮ್ಮ ತಿದ್ದಿದ್ದು ಒಂದೇ ಕಡೆ:

"ಐದು ಸಾವಿರಕ್ಕೆಲ್ಲ ಯಾರು ಮಾತು ಬಿಡ್ತಾರೆ ಸಾರ್? ಐವತ್ತು ಸಾವಿರ ಅಂತ ಬರ್ಕೊಳ್ಳಿ."