ಸತ್ತ ಹಸು, ಹಾಲಿನ ಕ್ಯಾನ್ ಮತ್ತು ಒಂದು ಸರ್ಕಾರಿ ವಿಶ್ವವಿದ್ಯಾಲಯ

ನಮ್ಮ ಸಿಲಬಸ್‌ನಲ್ಲಿ ವಿಶ್ವವಿದ್ಯಾಲಯ ಮತ್ತು ಉದ್ಯಮದ ಸಹಭಾಗಿತ್ವದ ಬಗ್ಗೆ ಒಂದು ಘಟಕ ಇದೆ. ಗೈಡ್ ಪುಸ್ತಕದಲ್ಲಿ ನಾಲ್ಕು ಚೌಕ ಬರೆದು ನಡುವೆ ಬಾಣ ಹಾಕಿರುತ್ತಾರೆ: ಸಂಶೋಧನೆ, ಪೇಟೆಂಟ್ (ಶೋಧದ ಮೇಲಿನ ಹಕ್ಕು), ಲೈಸೆನ್ಸ್ (ಆ ಶೋಧ ಬಳಸಲು ಕೊಡುವ ಅನುಮತಿ), ಉದ್ಯಮ. ಬಾಯಿಪಾಠ ಮಾಡಿ ಬರೆದರೆ ಅಂಕ ಬರುತ್ತದೆ. ಆದರೆ ಮೊದಲನೇ ಚೌಕಕ್ಕೆ ಕೆಲಸ ಎಲ್ಲಿಂದ ಬರುತ್ತದೆ? ಚಿತ್ರದಲ್ಲಿ ಅದೇ ಇಲ್ಲ. ನನಗೆ ಈ ಘಟಕ ಅರ್ಥವಾಗಿದ್ದು ಒಂದು ಹಸುವಿನ ಕಥೆಯಿಂದ. ಹಾಸನದಲ್ಲಿ ಕೂತು ಜೀವವಿಜ್ಞಾನ ಓದುವ ನಮಗೆ ಅದು ಬೇಗ ಹತ್ತಿರವಾಗುತ್ತದೆ. ಮನೆಯಲ್ಲಿ ಹಸು ಕಟ್ಟಿ ಡೈರಿಗೆ ಹಾಲು ಹಾಕಿದವರೇ ನಮ್ಮಲ್ಲಿ ಜಾಸ್ತಿ, ಅಲ್ವಾ?

1933ರ ಒಂದು ಶನಿವಾರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯ. ಹೈನುಗಾರಿಕೆಗೆ ಹೆಸರಾದ ಸೀಮೆ. ಎಡ್ ಕಾರ್ಲ್‌ಸನ್ ಎಂಬ ರೈತನ ಹಸುಗಳು ಒಂದೊಂದಾಗಿ ಸಾಯುತ್ತಿದ್ದವು. ಸಣ್ಣ ಗಾಯವಾದರೂ ರಕ್ತ ನಿಲ್ಲುತ್ತಿರಲಿಲ್ಲ. ಫೆಬ್ರವರಿ ತಿಂಗಳ ಹಿಮಗಾಳಿಯಲ್ಲಿ ಆತ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ಊರಿಗೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನ್, ಜೊತೆಗೆ ಹಸುಗಳು ತಿಂದಿದ್ದ ಒಣ ಮೇವು. ಪಶುವೈದ್ಯರ ಕಚೇರಿ ಮುಚ್ಚಿತ್ತು. ತೆರೆದಿದ್ದ ಒಂದು ಬಾಗಿಲಿಗೆ ಹೋದ. ಅದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ, ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಲ್ಯಾಬ್.

ಆ ದಿನ ಲಿಂಕ್ ಕೊಟ್ಟ ಸಲಹೆ ಇಷ್ಟೇ: ಆ ಮೇವು ನಿಲ್ಲಿಸು, ಸಾಧ್ಯವಾದರೆ ಹಸುಗಳಿಗೆ ಬೇರೆ ಹಸುವಿನ ರಕ್ತ ಕೊಡಿಸು. ಮೇವು ಹಾಳಾಗಿದ್ದರೆ ಈ ರೋಗ ಬರುತ್ತದೆ ಎಂದು ಪಶುವೈದ್ಯರು 1920ರ ದಶಕದಲ್ಲೇ ಗುರುತಿಸಿದ್ದರು. ಕಾರಣವಾದ ವಸ್ತು ಯಾವುದೆಂದು ಮಾತ್ರ ತಿಳಿದಿರಲಿಲ್ಲ. ಅದನ್ನು ಹರಳಾಗಿ ಬೇರ್ಪಡಿಸಲು ಲಿಂಕ್ ತಂಡಕ್ಕೆ 6 ವರ್ಷ ಬೇಕಾಯಿತು. 1939ರಲ್ಲಿ ಸಿಕ್ಕ ಆ ವಸ್ತುವೇ ಡೈಕೌಮರಾಲ್.

ಇಲ್ಲಿ ವಿಜ್ಞಾನ ಸ್ವಲ್ಪ ನಿಧಾನವಾಗಿ ನೋಡಿ. ಸ್ವೀಟ್ ಕ್ಲೋವರ್ ಎಂಬ ಮೇವಿನಲ್ಲಿ ಕೌಮರಿನ್ ಇರುತ್ತದೆ. ಅದು ಘಮಘಮ ಅನ್ನುವ ವಸ್ತು, ರಕ್ತಕ್ಕೆ ಏನೂ ಮಾಡುವುದಿಲ್ಲ. ಮೇವು ನೆನೆದು ಬೂಷ್ಟು ಹಿಡಿದರೆ ಕೌಮರಿನ್ ಬದಲಾಗಿ ಡೈಕೌಮರಾಲ್ ಆಗುತ್ತದೆ. ಇದು ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಸರಿಯಾಗಿ ತಯಾರಾಗುವುದಿಲ್ಲ. ಅದಕ್ಕೇ ರಕ್ತ ನಿಲ್ಲುವುದಿಲ್ಲ. ಇದೇ ಗುಂಪಿನ ಇನ್ನೊಂದು ವಸ್ತು ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಅಂಗಡಿಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. ಹೃದಯದ ಕವಾಟ ಬದಲಿಸಿಕೊಂಡವರು ಇವತ್ತಿಗೂ ಇದನ್ನು ನುಂಗುತ್ತಾರೆ.

6 ವರ್ಷದ ಖರ್ಚು ಎಲ್ಲಿಂದ?

ಪರೀಕ್ಷೆಗೆ ನಿಜವಾಗಿ ಮುಖ್ಯವಾದದ್ದು ಈ ಭಾಗ. ವಾರ್ಫರಿನ್ ಹೆಸರಿನ ಮೊದಲ ಭಾಗ ಒಂದು ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ವಾರ್ಫ್, ಅಂದರೆ ವಿಸ್ಕಾನ್ಸಿನ್ ಹಳೆ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ. ಅದು ಹುಟ್ಟಿದ್ದು 1925ರಲ್ಲಿ. ಅದೇ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರೊಫೆಸರ್, ಆಹಾರಕ್ಕೆ ನೇರಳಾತೀತ ಬೆಳಕು ಹಾಯಿಸಿದರೆ ವಿಟಮಿನ್ ಡಿ ಹೆಚ್ಚುತ್ತದೆ ಎಂದು ಕಂಡುಕೊಂಡಿದ್ದರು. ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗಕ್ಕೆ ಅದು ಪರಿಹಾರ. ಒಂದು ದೊಡ್ಡ ಆಹಾರ ಕಂಪನಿ ಭಾರಿ ಮೊತ್ತ ಕೊಡಲು ಮುಂದೆ ಬಂದರೂ ಪೇಟೆಂಟನ್ನು ಅವರು ಸ್ವಂತಕ್ಕೆ ಮಾರಿಕೊಳ್ಳಲಿಲ್ಲ. ಹಳೆ ವಿದ್ಯಾರ್ಥಿಗಳ ಪ್ರತಿಷ್ಠಾನಕ್ಕೆ ವಹಿಸಿದರು. ಪ್ರತಿಷ್ಠಾನ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟಿತು. ಬಂದ ಹಣ ಅದೇ ವಿಶ್ವವಿದ್ಯಾಲಯದ ಲ್ಯಾಬ್‌ಗಳಿಗೆ ಹೋಯಿತು. ಲಿಂಕ್ ಲ್ಯಾಬ್‌ಗೂ ಅದರಿಂದ ನೆರವು ಸಿಕ್ಕಿತು. ಹೀಗೆ ವಿಟಮಿನ್ ಡಿ ದುಡ್ಡು ವಾರ್ಫರಿನ್‌ಗೆ ನೀರೆರೆಯಿತು, ವಾರ್ಫರಿನ್ ದುಡ್ಡು ಮುಂದಿನ ಕೆಲಸಗಳಿಗೆ.

ಆದರೆ ಒಂದು ಕಪ್ಪುಚುಕ್ಕೆಯೂ ಇದೆ. ಇದನ್ನು ಬಿಟ್ಟು ಉತ್ತರ ಬರೆಯಬೇಡಿ. ಬೆಣ್ಣೆಗೆ ಪೈಪೋಟಿ ಕೊಡುತ್ತಿದ್ದ ಮಾರ್ಗರೀನ್ ತಯಾರಕರಿಗೆ ಪ್ರತಿಷ್ಠಾನ ಲೈಸೆನ್ಸ್ ಕೊಡಲಿಲ್ಲ. ಹೈನುಗಾರರನ್ನು ಕಾಯುವುದು ಅದರ ಉದ್ದೇಶ. ಬಡವರು ತಿನ್ನುತ್ತಿದ್ದದ್ದು ಬೆಣ್ಣೆ ಅಲ್ಲ, ಮಾರ್ಗರೀನ್. ರಿಕೆಟ್ಸ್ ಹೆಚ್ಚು ಕಾಡಿದ್ದೂ ಬಡವರ ಮಕ್ಕಳನ್ನೇ. 1943ರಲ್ಲಿ ಕೋರ್ಟ್ ಈ ಮಾತನ್ನೂ ಎತ್ತಿ ಆ ಪೇಟೆಂಟ್ ಊರ್ಜಿತವಲ್ಲ ಎಂದಿತು. ತೆರಿಗೆ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯ ತನ್ನ ಶೋಧವನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡದೆ ಇರಬಹುದು? ಈ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಮುಂದೆ ಸ್ಟ್ಯಾನ್‌ಫರ್ಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಡಿಎನ್‌ಎ ಜೋಡಿಸುವ ವಿಧಾನಕ್ಕೆ ಪಡೆದ ಪೇಟೆಂಟ್‌ಗಳು ಬೇರೆ ದಾರಿ ತೋರಿಸಿದವು. ಒಂದೇ ಕಂಪನಿಗೆ ಕಟ್ಟಿಕೊಡದೆ, ಕೇಳಿದವರಿಗೆಲ್ಲ ಕೈಗೆಟುಕುವ ದರದಲ್ಲಿ ಲೈಸೆನ್ಸ್ ಕೊಟ್ಟರು. 468 ಕಂಪನಿಗಳು ತೆಗೆದುಕೊಂಡವು. ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ.

ಅದೇ 1925, ಬಾಳೆಹೊನ್ನೂರು

ವಾರ್ಫ್ ಹುಟ್ಟಿದ ವರ್ಷವೇ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಇಂದು ಅದು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ವಿಶ್ವವಿದ್ಯಾಲಯ ಅಲ್ಲ, ಆದರೂ ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ ಪಾಠ ಇಲ್ಲ. ಎಲೆ ತುಕ್ಕು ರೋಗ ಆಗ ತೋಟಗಳನ್ನು ಬೋಳು ಮಾಡುತ್ತಿತ್ತು. ಕೆಂಟ್ ಎಂಬ ಪ್ಲಾಂಟರ್ ತನ್ನ ತೋಟದಲ್ಲಿ ತುಕ್ಕು ತಡೆದು ನಿಂತ ಗಿಡವನ್ನು ಗುರುತಿಸಿ ಬೆಳೆಸಿದ್ದ. ಆ ಕೆಂಟ್ಸ್ ತಳಿಯನ್ನೇ ಒಂದು ಕಡೆಯ ಪೋಷಕವಾಗಿ ಬಳಸಿ ಬಾಳೆಹೊನ್ನೂರಿನವರು 1940ರ ದಶಕದಲ್ಲಿ ಎಸ್.795 ತಳಿ ಕೊಟ್ಟರು. ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಅದನ್ನು ಕಾಣಬಹುದು. ತೋಟದವರು ಇಲ್ಲಿ ಕೊಟ್ಟದ್ದು ಬರೀ ದುಡ್ಡಲ್ಲ, ಗಿಡ. ಕಾರ್ಲ್‌ಸನ್ ಕ್ಯಾನ್‌ನಲ್ಲಿ ರಕ್ತ ತಂದ ಹಾಗೆ.

ಹಾಸನದ ಆಲೂಗಡ್ಡೆಯಲ್ಲೂ ಇದೇ ಎಳೆ ಇದೆ. ಮೇ ತಿಂಗಳಲ್ಲಿ ಎಪಿಎಂಸಿ ಯಾರ್ಡ್‌ಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಲಾರಿಗಟ್ಟಲೆ ಬರುವುದನ್ನು ನೀವೂ ನೋಡಿರುತ್ತೀರಿ. ಖರ್ಚಿನಲ್ಲಿ ದೊಡ್ಡ ಪಾಲು ಬೀಜಕ್ಕೇ ಹೋಗುತ್ತದೆ. ನಾವೇ ಬೀಜ ಮಾಡಿಕೊಂಡರೆ ಆಗದಾ? ಗೆಡ್ಡೆಯಿಂದ ಗೆಡ್ಡೆಗೆ ವೈರಸ್ ಕೂಡುತ್ತಾ ಹೋಗುತ್ತದೆ, ಅದೇ ತೊಡಕು. ಇದಕ್ಕೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಮತ್ತು ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸೇರಿ ಹಾಸನದಲ್ಲಿ ಕುಡಿ ಸಸಿ ವಿಧಾನ ತಂದವು. ಅಂಗಾಂಶ ಕೃಷಿಯಲ್ಲಿ ಬೆಳೆದ, ರೋಗವಿಲ್ಲದ ತಾಯಿ ಗಿಡದ ತುದಿ ಕತ್ತರಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಗಳಲ್ಲಿ ಬೇರು ಬರಿಸುತ್ತಾರೆ. ರೈತರು ಆ ಸಸಿ ನೆಟ್ಟು ಬಿತ್ತನೆ ಗೆಡ್ಡೆ ಬೆಳೆಯುತ್ತಾರೆ. ಲ್ಯಾಬ್‌ನದ್ದು ತಾಯಿ ಗಿಡ, ನರ್ಸರಿಯವರದ್ದು ಸಸಿ, ರೈತರದ್ದು ಬೀಜ. ಇಲ್ಲಿ ಉದ್ಯಮ ಅಂದರೆ ನರ್ಸರಿ. ಸಹಭಾಗಿತ್ವ ಅಂದ ತಕ್ಷಣ ಬೆಂಗಳೂರಿನ ದೊಡ್ಡ ಕಂಪನಿಯನ್ನೇ ನೆನೆಸಿಕೊಳ್ಳಬೇಕಾಗಿಲ್ಲ.

ಕಾನೂನು, ಒಂದು ಉದಾಹರಣೆಯಲ್ಲಿ

ಕಾಯ್ದೆಗಳನ್ನು ಬಿಡಿಬಿಡಿಯಾಗಿ ಓದಿದರೆ ಮರೆತುಹೋಗುತ್ತವೆ. ಹೀಗೆ ಯೋಚಿಸಿ. ಮೂಡಿಗೆರೆಯ ಕಾಫಿ ತೋಟದ ಮಣ್ಣಿನಲ್ಲಿ, ಬೇರು ಕೊಳೆ ರೋಗ ತಡೆಯುವ ಒಂದು ಶಿಲೀಂಧ್ರ ನಿಮಗೆ ಸಿಕ್ಕಿತು. ಸಿಕ್ಕ ಶಿಲೀಂಧ್ರಕ್ಕೇ ಪೇಟೆಂಟ್ ಇಲ್ಲ, ಪ್ರಕೃತಿಯಲ್ಲಿ ಇದ್ದದ್ದನ್ನು ಕಂಡುಹಿಡಿದದ್ದು ಆವಿಷ್ಕಾರ ಆಗುವುದಿಲ್ಲ. ಅದನ್ನು ಪುಡಿಯಾಗಿ ಕೆಡದಂತೆ ಇಡುವ ಹೊಸ ವಿಧಾನಕ್ಕೆ ಸಿಗಬಹುದು. ಹೊಸ ಕಾಫಿ ತಳಿ ಮಾಡಿದರೆ? ಅದಕ್ಕೂ ಪೇಟೆಂಟ್ ಇಲ್ಲ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ನೋಡಬೇಕು.

ಅರ್ಜಿ ಹಾಕುವ ಮೊದಲು ಪ್ರಬಂಧ ಪ್ರಕಟಿಸಬೇಡಿ, ಸಮ್ಮೇಳನದಲ್ಲಿ ಪೋಸ್ಟರ್ ಕೂಡ ಅಂಟಿಸಬೇಡಿ. ಪೇಟೆಂಟ್‌ಗೆ ಬೇಕಾದ ಹೊಸತನ ಅಲ್ಲಿಗೇ ಹೋಗುತ್ತದೆ. ನನಗೆ ಗೊತ್ತಿರುವ ಒಬ್ಬ ಅಕ್ಕ ಹೀಗೆ ಕಳೆದುಕೊಂಡು ತುಂಬಾ ನೊಂದರು. ಅವರಿಗೆ ಮುಂಚೆ ಯಾರೂ ಹೇಳಿಯೇ ಇರಲಿಲ್ಲ. ಅರ್ಜಿ ಶುಲ್ಕದ ಚಿಂತೆ ಬೇಡ, 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶೇ. 80 ರಿಯಾಯಿತಿ ಇದೆ. ಶಿಲೀಂಧ್ರವನ್ನು ಚಂಡೀಗಢದ ಎಂಟಿಸಿಸಿಯಂಥ, ಸೂಕ್ಷ್ಮಜೀವಿಗಳನ್ನು ಕಾದಿಡುವ ಮಾನ್ಯ ಸಂಗ್ರಹ ಕೇಂದ್ರದಲ್ಲಿ ಇಡಬೇಕು. ಜೀವವೈವಿಧ್ಯ ಕಾಯ್ದೆಯ ವಿಧಿಗಳನ್ನೂ ಮುಗಿಸಬೇಕು. 2002ರ ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ, ಹಳೆ ನೋಟ್ಸ್ ನಂಬಬೇಡಿ.

ಇನ್ನು ಹಣ. ಕಲ್ಪನೆಯನ್ನು ಮಾದರಿಯ ಮಟ್ಟಕ್ಕೆ ತರಲು ಬೈರಾಕ್ ಸಂಸ್ಥೆಯ ಬಿಗ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. 2012ರಲ್ಲಿ ಶುರುವಾದ ಬೈರಾಕ್ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿದೆ.

ಇಷ್ಟಾದರೂ ನಿಮ್ಮ ಪುಡಿ ಅಂಗಡಿಗೆ ಹೋಗುವಂತಿಲ್ಲ. ಜೈವಿಕ ಪೀಡೆನಾಶಕವೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಆಗಬೇಕು. ವಿಷ ಪರೀಕ್ಷೆ, ಹೊಲದ ಪ್ರಯೋಗ, ಎಷ್ಟು ತಿಂಗಳು ಕೆಡದೆ ಇರುತ್ತದೆ ಎಂಬ ಲೆಕ್ಕ, ಎಲ್ಲದಕ್ಕೂ ದಾಖಲೆ ಬೇಕು. ಒಂದು ವಿಭಾಗದ ಲ್ಯಾಬ್‌ಗೆ ಅಷ್ಟು ಜನವೂ ಇಲ್ಲ, ಹಣವೂ ಇಲ್ಲ. ಕಂಪನಿ ಬೇಕಾಗುವುದು ಇಲ್ಲಿ. ಒಪ್ಪಂದಕ್ಕೆ ಕೂರುವಾಗ ನೋಂದಣಿ ಖರ್ಚು ಯಾರದ್ದು, ಮೂಡಿಗೆರೆಯ ರೈತರಿಗೆ ಯಾವ ಬೆಲೆಗೆ ಸಿಗುತ್ತದೆ, ಮೂರು ವರ್ಷ ಕಂಪನಿ ಸುಮ್ನೆ ಕೂತರೆ ಲೈಸೆನ್ಸ್ ವಾಪಸ್ ಬರುತ್ತದಾ, ಈ ಮೂರನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.