ಹೆದರಿಕೆಯ ಬಾಣ

ಮಡಿಕೇರಿಯ ‘ಸನ್ನಿ ಸೈಡ್’ ಮನೆ ಈಗ ಜನರಲ್ ತಿಮ್ಮಯ್ಯನವರ ವಸ್ತುಸಂಗ್ರಹಾಲಯ. ಅವರು ಮಾಡಿದ ಯುದ್ಧಗಳ ಮಾತು ಕೊಡಗಿನಲ್ಲಿ ಬೇಕಾದಷ್ಟಿದೆ. ನನಗೆ ಮಾತ್ರ 1953ರಲ್ಲಿ ಕೊರಿಯಾದಲ್ಲಿ ಅವರು ಹೊತ್ತ ಹೊಣೆ ಅದಕ್ಕಿಂತ ಕಠಿಣವಾಗಿ ಕಾಣುತ್ತದೆ. ಯುದ್ಧ ನಿಂತಿತ್ತು. ಸ್ವದೇಶಕ್ಕೆ ಮರಳಲು ಒಪ್ಪದ ಕೈದಿಗಳಿಗಾಗಿ ಐದು ತಟಸ್ಥ ದೇಶಗಳ ಆಯೋಗ ರಚನೆಯಾಗಿ, ತಿಮ್ಮಯ್ಯ ಅದರ ಅಧ್ಯಕ್ಷರಾದರು. ವಿಶ್ವಸಂಸ್ಥೆಯ ಪಡೆಗಳಿಗೆ ಸೆರೆಸಿಕ್ಕಿದ್ದ 22 ಸಾವಿರಕ್ಕೂ ಹೆಚ್ಚು ಚೀನೀಯರು ಮತ್ತು ಉತ್ತರ ಕೊರಿಯನ್ನರು, ಎದುರು ಪಕ್ಷದ ಸೆರೆಯಲ್ಲಿದ್ದ 359 ಮಂದಿ ಭಾರತೀಯ ಪಡೆಯ ಕಾವಲಿಗೆ ಬಂದರು. ಅವರವರ ದೇಶದ ಪ್ರತಿನಿಧಿಗಳು ಬಂದು, ಮರಳಿ ಬನ್ನಿ ಎಂದು ತಿಳಿಹೇಳಲು 90 ದಿನಗಳ ಗಡುವಿತ್ತು.

ಮನಸ್ಸು ತಿರುಗಿಸುವ ಇಂಥ ಕೆಲಸವನ್ನು ಯೋಜಿಸಲು ಈಗ ತಂತ್ರಾಂಶಗಳಿವೆ. ಅವು ಬಳಸುವ ಒಂದು ವಿಧಾನ ‘ಪ್ರಭಾವ ಜಾಲ’ (influence net): ಕಾರಣಗಳಿಂದ ಫಲಿತಾಂಶದತ್ತ ಬಾಣ ಎಳೆದ ನಕ್ಷೆ. ‘ಕೈದಿ ಮರಳಲು ಒಪ್ಪುತ್ತಾನೆ’ ಎಂಬುದನ್ನು ಪರದೆಯ ಒಂದು ಕೊನೆಯಲ್ಲಿ ಬರೆಯಿರಿ. ಮನೆಯವರ ಹಂಬಲ, ಶಿಕ್ಷೆಯಿಲ್ಲವೆಂಬ ಭರವಸೆ, ಜೊತೆಗಾರರ ಬೆದರಿಕೆ ಒಂದೊಂದರಿಂದಲೂ ಅದರತ್ತ ಬಾಣ ಎಳೆಯಿರಿ. ಶುದ್ಧ ಸಂಭವನೀಯತೆಯ ಲೆಕ್ಕ ಹಿಡಿದರೆ, ಹೌದು–ಅಲ್ಲ ಎಂಬ ಹತ್ತು ಕಾರಣಗಳಿಗೆ 1,024 ಸನ್ನಿವೇಶಗಳಾಗುತ್ತವೆ. ಪ್ರತಿಯೊಂದಕ್ಕೂ ತಜ್ಞ ಉತ್ತರ ಕೊಡಬೇಕು. ಯಾರಿಂದಲೂ ಆಗದ ಕೆಲಸ ಅದು. ಆದ್ದರಿಂದ 1990ರ ದಶಕದಲ್ಲಿ ಸುಲಭದ ದಾರಿಯೊಂದನ್ನು ಕಂಡುಕೊಂಡರು: ಬಾಣಕ್ಕೆ ಎರಡೇ ಸಂಖ್ಯೆ. ಕಾರಣ ಇದ್ದರೆ ಎಷ್ಟು ಒತ್ತು, ಇಲ್ಲದಿದ್ದರೆ ಎಷ್ಟು, –1ರಿಂದ (ಪೂರ್ತಿ ತಡೆ) +1ರ (ಪೂರ್ತಿ ಒತ್ತಾಸೆ) ಒಳಗೆ. ಸಾವಿರದ ಪ್ರಶ್ನೆಗಳು ಇಪ್ಪತ್ತಕ್ಕೆ ಇಳಿದವು; ಉಳಿದದ್ದನ್ನು ಸೂತ್ರ ತುಂಬಿಕೊಳ್ಳುತ್ತದೆ. ಮುಂದೆ ಬಾಣಗಳಿಗೆ ಕಾಲವನ್ನೂ ಸೇರಿಸಿದರು, ಯಾವ ಮಾತು ಎಷ್ಟು ದಿನದ ಮೇಲೆ ನಾಟುತ್ತದೆ ಎಂದು ನೋಡಲು.

ಹೀಗೆ ಬಂದ ಫಲಿತಾಂಶ, ಅಂದರೆ ಕೈದಿ ಒಪ್ಪುವ ಸಾಧ್ಯತೆ ಶೇಕಡಾ ಎಷ್ಟೆಂಬುದು, ಪರದೆಯ ಮೇಲೆ ಬಣ್ಣವಾಗಿ, ಏರುವ ಗೆರೆಯಾಗಿ ಕಾಣುತ್ತದೆ. ನನ್ನ ಆತಂಕವೆಲ್ಲ ಇಲ್ಲೇ. ಒಬ್ಬ ಅಧಿಕಾರಿ ಊಹಿಸಿ ಕೊಟ್ಟ 0.6, ಥರ್ಮಾಮೀಟರಿನಲ್ಲಿ ಅಳೆದ ಅಂಕಿಯಷ್ಟೇ ಗಟ್ಟಿಯಾಗಿ ಕಾಣತೊಡಗುತ್ತದೆ. ನಕ್ಷೆಯ ನಿಜವಾದ ಉಪಯೋಗ ಆ ಶೇಕಡಾವಾರು ಉತ್ತರದಲ್ಲಿಲ್ಲ. ತಲೆಯೊಳಗಿದ್ದ ಊಹೆ ಎಲ್ಲರ ಕಣ್ಣೆದುರಿಗೆ ಬಂದು, ‘ಇದು ಹೇಗೆ?’ ಎಂದು ಕೇಳುವಂತಾಗುವುದರಲ್ಲಿದೆ.

ಕೊರಿಯಾದಲ್ಲಿ ನಡೆದದ್ದನ್ನೇ ನೋಡಿ. ಶಿಬಿರಗಳಲ್ಲಿ ಕೈದಿಗಳದೇ ಬಿಗಿಯಾದ ಸಂಘಟನೆಗಳಿದ್ದವು. ಮರಳುತ್ತೇನೆ ಎಂದವನಿಗೆ ಅಲ್ಲೇ ಪೆಟ್ಟಿನ, ಸಾವಿನ ಭಯ. ಎರಡೂ ಪಕ್ಷಗಳ ಹಟದ ನಡುವೆ ತಿಳಿಹೇಳುವ ಕೆಲಸ 90ರಲ್ಲಿ ಸುಮಾರು ಹತ್ತು ದಿನವಷ್ಟೇ ನಡೆಯಿತು. ಮನಸ್ಸು ಬದಲಿಸಿ ಮರಳಿದವರು ಕೆಲವೇ ನೂರು ಮಂದಿ. ಸಂದೇಶದ ಮಾತನ್ನಷ್ಟೇ ತೂಗಿದ ಮಾದರಿ ಇದನ್ನು ಹೇಳುತ್ತಿರಲಿಲ್ಲ.

ಯಾವ ಅಂಕಿ ಬದಲಾದರೆ ನಿರ್ಧಾರವೇ ಮಗುಚುತ್ತದೆ ಎಂದು ತಂತ್ರಾಂಶ ಪರೀಕ್ಷಿಸಬಲ್ಲದು. ಆದರೆ ಎಳೆದಿರುವ ಬಾಣಗಳನ್ನು ಮಾತ್ರ. ಹೆದರಿಕೆಯ ಬಾಣವನ್ನೇ ಬಿಟ್ಟಿದ್ದರೆ ಅದಕ್ಕೇನೂ ಗೊತ್ತಾಗದು. ಅದಕ್ಕೇ, ಅಂಥ ನಕ್ಷೆ ಬರೆಯುವ ಮೇಜಿಗೆ ಬೇಲಿಯ ಪಕ್ಕ ಕಾವಲು ನಿಂತ ಜವಾನನನ್ನೂ, ಸಾಧ್ಯವಾದರೆ ಕೈದಿಯನ್ನೂ ಕರೆದು ಕೂರಿಸಬೇಕು ಎನ್ನುತ್ತೇನೆ.